ಒಂದೆಲಗದ ಸಾಬೂನು: ದುಡ್ಡಿಗೆ ಮೋಸ ಇಲ್ಲ, ಆದರೆ ಎಲೆಯ ಮೇಲೆ ಜಾಸ್ತಿ ಭಾರ ಹಾಕಬೇಡಿ

ಮೊದಲೇ ಹೇಳಿಬಿಡುತ್ತೇನೆ, ಸಾಬೂನು ಚೆನ್ನಾಗಿದೆ. ಆದರೆ ಚೆನ್ನಾಗಿರುವುದು ಅದರ ಮೇಲೆ ಬರೆದಿರುವ ಕಾರಣಕ್ಕಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಮನೆಯಲ್ಲಿ ಮಾಡುವ ಸಾಬೂನು ಇದು. 100 ಗ್ರಾಂ ಬಿಲ್ಲೆಗೆ 120 ರೂಪಾಯಿ. ಅಂಗಡಿ ಅಂತ ಏನೂ ಇಲ್ಲ, ಹಳೇ ಕೊಟ್ಟಿಗೆಯನ್ನೇ ಸರಿಮಾಡಿಕೊಂಡು, ಹಲಗೆ ಮೇಲೆ ಸಾಲಾಗಿ ಬಿಲ್ಲೆಗಳನ್ನು ಒಣಗೋಕೆ ಇಟ್ಟಿದ್ದಾರೆ. ಲೇಬಲ್ಲು ಸಾದಾ: ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಾಸ್ಟಿಕ್ ಸೋಡಾ, ನೀರು, ಒಂದೆಲಗದ ರಸ. ಕೆಳಗೆ ಪರವಾನಗಿ ನಂಬರ್ ಕೂಡ ಇದೆ. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಪರವಾನಗಿ ಬೇಡ ಅಂತಲ್ಲ, ಮಾರಾಟಕ್ಕೆ ಸಾಬೂನು ಮಾಡುವವರಿಗೆ ಅದು ಬೇಕೇ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವ ಎಷ್ಟೋ ಜನ ಈ ಗೊಡವೆಗೇ ಹೋಗುವುದಿಲ್ಲ. ಹಾಗಾಗಿ ಇವರಿಗೆ ಅಲ್ಲೇ ಒಂದು ಮಾರ್ಕು ಕೊಟ್ಟೆ.

ಬಣ್ಣದ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಎಲೆಯ ಸಾಬೂನು ಅಂದಮೇಲೆ ಹಸಿರಾಗಿರಬೇಕು ಅಲ್ವಾ? ಇದು ಹಸಿರಿಲ್ಲ. ಹಳೇ ಜೋನಿಬೆಲ್ಲದ ಬಣ್ಣ, ನಡುವೆ ಅಲ್ಲಲ್ಲಿ ಕಪ್ಪು ಚುಕ್ಕಿ. ನಮ್ಮ ಮನೆಯಲ್ಲಿ ಒಬ್ಬರು ಅದನ್ನು ನೋಡಿ "ಹಾಳಾಗಿದೆ, ಬಿಸಾಕು" ಅಂದರು. ಹಾಳಾಗಿಲ್ಲ. ಎಲೆಯ ಹಸಿರು ಕಾಸ್ಟಿಕ್ ಸೋಡಾದ ಕ್ಷಾರವನ್ನೂ ಬೆಳಕನ್ನೂ ತಡೆದುಕೊಳ್ಳುವುದಿಲ್ಲ, ಒಣಗುತ್ತಾ ಒಣಗುತ್ತಾ ಕಂದಾಗುತ್ತದೆ. ತಿಂಗಳುಗಟ್ಟಲೆ ಗಿಳಿ ಹಸಿರಾಗೇ ಇರುವ "ಗಿಡಮೂಲಿಕೆ ಸಾಬೂನು" ಕಂಡರೆ ಅದಕ್ಕೆ ಬಣ್ಣ ಹಾಕಿದ್ದಾರೆ ಅಂತಲೇ ಲೆಕ್ಕ. ಹಾಕುವುದು ತಪ್ಪಲ್ಲ, ಹಾಕಿದ್ದೇವೆ ಅಂತ ಹೇಳಬೇಕು, ಅಷ್ಟೇ.

ಮಾಡುವ ಅಕ್ಕ ಮಾತಿಗೆ ಸಿಕ್ಕರೆ ಬಿಡುವವರಲ್ಲ. ವಿಧಾನವನ್ನು ಮುಚ್ಚಿಡುವವರೂ ಅಲ್ಲ. ಎಲೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಸವನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. ಕಾಸ್ಟಿಕ್ ಸೋಡಾವನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ, ಇಲ್ಲದಿದ್ದರೆ ಕಾವು ಏರಿ ರಸ ಸುಟ್ಟ ವಾಸನೆ ಬರುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿಯಬಾರದು, ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಆದರೆ ಸೋಡಾ ಅದನ್ನೇ ತಿಂದು ಗ್ಯಾಸ್ ಎಬ್ಬಿಸುತ್ತದೆ. ಇಷ್ಟೆಲ್ಲ ಹೇಳಿ ಕೊನೆಗೆ "ಕನ್ನಡಕ ಹಾಕದೆ ಮಾತ್ರ ಇದಕ್ಕೆ ಕೈ ಹಾಕಬೇಡ ಮಾರಾಯ್ತಿ, ಕಣ್ಣು ಮತ್ತೆ ಸಿಕ್ಕುವುದಿಲ್ಲ" ಅಂದರು.

ನನಗೆ ಹಿಡಿಸಿದ್ದು ಅವರ ಎಣ್ಣೆಯ ಲೆಕ್ಕ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗೋಕೆ ಸುಮಾರು 91 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಇವರು ಬೇಕೆಂದೇ ಕಡಿಮೆ ಹಾಕುತ್ತಾರೆ. ಆಗ ಒಂದಿಷ್ಟು ಎಣ್ಣೆ ಸಾಬೂನಾಗದೆ ಹಾಗೇ ಉಳಿಯುತ್ತದೆ, ಸ್ನಾನವಾದ ಮೇಲೆ ಚರ್ಮ ಬಿಗಿಯುವುದಿಲ್ಲ. ಬರೀ ಕೊಬ್ಬರಿ ಎಣ್ಣೆಯ ಸಾಬೂನು ಕೊಳೆಯ ಜೊತೆಗೆ ಮೈಯ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಈ ಉಪಾಯ. ಜೊತೆಗೆ ಸಾಬೂನಾಗುವಾಗ ಹುಟ್ಟುವ ಗ್ಲಿಸರಿನ್ ಕೂಡ ಇದರಲ್ಲೇ ಉಳಿದಿದೆ. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಅದನ್ನು ಬೇರೆ ತೆಗೆದು ಮಾರಿಕೊಳ್ಳುತ್ತಾರೆ. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಒಣಗಿಸುತ್ತಾರೆ. ಸಾಬೂನು ಚರ್ಮಕ್ಕೆ ಹಿತವಾಗುವುದು ಇಲ್ಲಿ, ಎಲೆಯಲ್ಲಲ್ಲ.

ಈಗ ಎಲೆಯ ಮಾತು. ಲೇಬಲ್ ಹಿಂಬದಿಯಲ್ಲಿ "ತುರಿಕೆ, ಗಜಕರ್ಣ, ಮೊಡವೆ ಮಾಯ" ಅಂತ ಒಂದು ಸಾಲು ಅಚ್ಚಾಗಿದೆ. ಇದೊಂದು ನನಗೆ ಇಷ್ಟವಾಗಲಿಲ್ಲ. ಕಾಯಿಲೆ ವಾಸಿ ಮಾಡುತ್ತದೆ ಅಂದರೆ ಅದು ಔಷಧಿ, ಸಾಬೂನಲ್ಲ. ಗಜಕರ್ಣ ಫಂಗಸ್ಸಿನಿಂದ ಬರುವಂಥದ್ದು, ಅದಕ್ಕೆ ಡಾಕ್ಟರ ಮುಲಾಮೇ ಬೇಕು. ಸಾಬೂನು ಉಜ್ಜುತ್ತಾ ಕೂತರೆ ಮನೆಮಂದಿಗೆಲ್ಲ ಹಬ್ಬುತ್ತದೆ.

ಒಂದೆಲಗದಲ್ಲಿ ಗುಣ ಇಲ್ಲ ಅಂತ ಹೇಳುತ್ತಿಲ್ಲ. ಅದರಲ್ಲಿ ಏಶಿಯಾಟಿಕೋಸೈಡ್, ಮಡೆಕಾಸೋಸೈಡ್ ಅನ್ನುವ ಅಂಶಗಳಿವೆ. ಮಡಗಾಸ್ಕರ್‌ನ ಒಂದೆಲಗದಿಂದ ಅವನ್ನು ತೆಗೆದು ಫ್ರಾನ್ಸಿನಲ್ಲಿ ಮಡೆಕಾಸೋಲ್ ಅನ್ನುವ ಗಾಯದ ಮುಲಾಮನ್ನೇ ಮಾಡಿದರು. ಈಗ ಹುಡುಗಿಯರೆಲ್ಲ ಆನ್‌ಲೈನಿನಲ್ಲಿ ತರಿಸುವ ಕೊರಿಯಾದ ‘ಸೀಕಾ’ ಕ್ರೀಮ್ ಇದೆಯಲ್ಲ, ಅದೂ ಇದೇ ಗಿಡ. ನಮ್ಮಜ್ಜಿ ಗದ್ದೆ ಅಂಚಿನಿಂದ ಕಿತ್ತು ತಂಬುಳಿ ಮಾಡುತ್ತಿದ್ದದ್ದು ಒಂದೂವರೆ ಸಾವಿರ ರೂಪಾಯಿ ಕೊಟ್ಟು ಪುಟ್ಟ ಡಬ್ಬಿಯಲ್ಲಿ ಬರುತ್ತಿದೆ, ಇರಲಿ. ವಿಷಯ ಏನೆಂದರೆ, ಮುಲಾಮು, ಕ್ರೀಮು ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತವೆ. ಸಾಬೂನು ಕೂರುವುದು ಎಷ್ಟು ಹೊತ್ತು? ಒಂದು ಚೊಂಬು ನೀರು ಹೊಯ್ದುಕೊಂಡರೆ ಬಚ್ಚಲಿನ ಪಾಲು. ಅಷ್ಟರಲ್ಲಿ ಎಲೆ ಏನು ಮಾಡೀತು? ಮೊದಲೇ ಅದು ಕಾಸ್ಟಿಕ್ ಸೋಡಾದಲ್ಲಿ ಬೆಂದು ಬಂದಿದೆ ಬೇರೆ.

ಹಾಗಂತ ಗಿಡಮೂಲಿಕೆ ಸಾಬೂನೇ ಸುಳ್ಳು ಅಂದುಬಿಡಲೂ ಆಗುವುದಿಲ್ಲ. ಕಲ್ಕತ್ತಾದಲ್ಲಿ ಹುಟ್ಟಿದ ಬೇವಿನ ಮಾರ್ಗೊ, 1940ರಲ್ಲಿ ಕೇರಳದ ಇರಿಂಜಾಲಕುಡದಲ್ಲಿ ಶುರುವಾದ ಚಂದ್ರಿಕಾ, 1969ರಲ್ಲಿ ರೈಲ್ವೆ ಡಾಕ್ಟರ್ ವಿ.ಪಿ. ಸಿದ್ಧನ್ ಚೆನ್ನೈನಲ್ಲಿ ಮಾಡಿದ ಮೆಡಿಮಿಕ್ಸ್, ಇವುಗಳಲ್ಲೇ ಮೂರು ತಲೆಮಾರು ಮೈ ತೊಳೆದುಕೊಂಡಿದೆ. ಜನಕ್ಕೆ ಒಗ್ಗಿದೆ, ಅದಕ್ಕೇ ಉಳಿದಿವೆ. ಆದರೆ ಅಂಗಡಿಯಲ್ಲಿ ಯಾವ ಸಾಬೂನು ತಗೊಂಡರೂ ಮೇಲಿನ ಎಲೆ ಚಿತ್ರ ಬಿಟ್ಟು ಹಿಂದೆ ತಿರುಗಿಸಿ ಟಿಎಫ್ಎಂ, ಅಂದರೆ ಸಾಬೂನಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ ಎಷ್ಟು ಅನ್ನುವ ಅಂಕಿ, ನೋಡಿ. 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೊದಲ ದರ್ಜೆಯ ಸಾಬೂನು. ‘ಬೇದಿಂಗ್ ಬಾರ್’ ಅಂತ ಬರೆದಿದ್ದರೆ 40 ಇದ್ದರೂ ಸಾಕು ಅಂತ ನಿಯಮ. ನಮ್ಮ ಮೈಸೂರು ಸ್ಯಾಂಡಲ್ ಮೇಲೆ 80 ಅಂತ ಇರುತ್ತದೆ, ಬೇಕಾದರೆ ಈಗಲೇ ಬಚ್ಚಲಿಗೆ ಹೋಗಿ ನೋಡಿ. ಸಾಗರದ ಸಾಬೂನಿನ ಮೇಲೆ ಟಿಎಫ್ಎಂ ಬರೆದಿಲ್ಲ, ಬರೆಯಬೇಕಿತ್ತು.

ಬಳಸಿದ ಅನುಭವ. ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟುವಷ್ಟು ಗಡಸು, ಎಷ್ಟೋ ಸಾಬೂನು ಇದರಲ್ಲಿ ನೊರೆಯೇ ಕೊಡುವುದಿಲ್ಲ. ಇದು ಕೊಡುತ್ತದೆ, ಕೊಬ್ಬರಿ ಎಣ್ಣೆಯ ಮಹಿಮೆ. ವಾಸನೆ ಸುಮ್ನೆ ಒಂಥರಾ ಹಸಿ ಎಲೆಯದು, ಸ್ನಾನ ಮುಗಿಯುವಷ್ಟರಲ್ಲಿ ಅದೂ ಇಲ್ಲ. ಸೆಂಟು ಇಷ್ಟಪಡುವವರಿಗೆ ನಿರಾಸೆಯಾಗುತ್ತದೆ. ನನಗಂತೂ ಅದೇ ಅನುಕೂಲವಾಯಿತು, ಪರಿಮಳದ ಸಾಬೂನು ಹಾಕಿದ ದಿನ ಕತ್ತಿನ ಹಿಂದೆ ಕೆಂಪಗೆ ಏಳುತ್ತಿತ್ತು, ಇದರಲ್ಲಿ ಏಳಲಿಲ್ಲ. ಬೇಸಿಗೆಯ ಬೆವರುಸಾಲೆ ಹೊತ್ತಿನಲ್ಲೂ ಉರಿಯಲಿಲ್ಲ. ವಾಸಿ ಮಾಡಿತು ಅಂತ ಹೇಳುವುದಿಲ್ಲ, ಕೆರಳಿಸಲಿಲ್ಲ, ನನಗೆ ಅಷ್ಟೇ ಬೇಕಾಗಿದ್ದದ್ದು.

ಒಂದು ಕಿರಿಕಿರಿ ಇದೆ. ಕೆಲವು ಬಿಲ್ಲೆಗಳಲ್ಲಿ ರಸದ ಜೊತೆ ನಾರೂ ಸೇರಿಕೊಂಡಿದೆ. ಆ ಕಪ್ಪು ಚುಕ್ಕಿಗಳು ಅವೇ. ಸಾಬೂನು ಸವೆದಂತೆ ನಾರು ಮೇಲೆದ್ದು ಕೈಗೆ ತರಿತರಿ ಸಿಗುತ್ತದೆ, ಮಕ್ಕಳ ಮೈಗೆ ಉಜ್ಜುವ ಹಾಗಿಲ್ಲ. ಬಟ್ಟೆ ಇನ್ನೊಂದು ಪದರ ಜಾಸ್ತಿ ಮಡಚಿ ಸೋಸಿದರೆ ಸರಿಹೋಗುತ್ತದೆ. ಇನ್ನು, ನೀರು ನಿಲ್ಲುವ ಡಬ್ಬಿಯಲ್ಲಿಟ್ಟರೆ ರಾತ್ರಿ ಕಳೆಯುವುದರೊಳಗೆ ಲೋಳೆ. ತೂತಿರುವ ಡಬ್ಬಿಯಲ್ಲೇ ಇಡಿ.

ಗಿಡದಲ್ಲಿ ಮಾತ್ರ ನನಗೆ ಪೂರ್ತಿ ಲಾಭ. ಹೊರಡುವಾಗ ಅಕ್ಕ ಬೇರುಸಮೇತ ಒಂದು ಹಿಡಿ ಬಳ್ಳಿ ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ದುಡ್ಡು ಎಷ್ಟು ಅಂದರೆ "ಒಂದೆಲಗಕ್ಕೆ ಯಾರಾದರೂ ದುಡ್ಡು ತಗೊಳ್ತಾರಾ" ಅಂತ ಬೈದರು. ಬಾಲ್ಕನಿಯಲ್ಲಿ ಬೆಳೆಸುವವರಿಗೆ ಇದಕ್ಕಿಂತ ಸುಲಭದ ಗಿಡ ಸಿಕ್ಕಲಿಕ್ಕಿಲ್ಲ. ಆಳದ ಕುಂಡ ಬೇಡ, ಅಗಲದ್ದು ಬೇಕು. ಹಳೇ ಪ್ಲಾಸ್ಟಿಕ್ ಟಬ್ಬಿಗೆ ತೂತು ಹೊಡೆದು ಮಣ್ಣು, ಗೊಬ್ಬರ ತುಂಬಿ, ಬಳ್ಳಿಯ ಗಿಣ್ಣು ಮಣ್ಣಿಗೆ ತಾಗುವ ಹಾಗೆ ಹಾಸಿದರೆ ಆಯಿತು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಹರಿಯುತ್ತದೆ. ನೆರಳಿದ್ದರೆ ತೊಟ್ಟು ಉದ್ದವಾಗಿ ಎಲೆ ಅಗಲವಾಗುತ್ತದೆ, ಬಿಸಿಲಿಗಿಟ್ಟರೆ ಎಲೆ ಚಿಕ್ಕದು, ದಪ್ಪ. ಮಣ್ಣು ಒಣಗಬಾರದು, ಏಪ್ರಿಲ್‌ನಲ್ಲಿ ಎರಡು ಹೊತ್ತು ನೀರು ಹಾಕಲೇಬೇಕು. ಮಳೆಗಾಲದಲ್ಲಿ ಬಸವನಹುಳು ಕಾಟ ಇದೆ, ರಾತ್ರಿ ಟಾರ್ಚು ಹಿಡಿದು ಆರಿಸಿ ಹಾಕುವುದೇ ದಾರಿ.

ಆದರೆ ರಸ್ತೆ ಪಕ್ಕ, ಚರಂಡಿ ಪಕ್ಕ ಹಬ್ಬಿರುವುದನ್ನು ಕಿತ್ತು ತರಬೇಡಿ. ಈ ಗಿಡ ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಂಡು ಎಲೆಯಲ್ಲಿಟ್ಟುಕೊಳ್ಳುತ್ತದೆ. ಮತ್ತೆ, ಎಲೆ ಅರೆದು ನೇರವಾಗಿ ಹಚ್ಚುವವರು ಮೊದಲು ಮೊಣಕೈ ಒಳಗಡೆ ಚೂರು ಹಚ್ಚಿ ಒಂದು ದಿನ ನೋಡಿ. ಅಪರೂಪಕ್ಕೆ ಕೆಲವರಿಗೆ ಒಂದೆಲಗವೇ ಅಲರ್ಜಿ ಆಗುವುದುಂಟು.

ನಮ್ಮ ಟಬ್ಬಿನದ್ದು ಸಾಬೂನಿಗೆ ಹೋಗುವುದಿಲ್ಲ, ಎಲ್ಲ ತಂಬುಳಿಗೇ. ಜೀರಿಗೆ, ಮೆಣಸಿನಕಾಳು, ಎಲೆ ಎಲ್ಲ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಬೇರೆ ಸಾರು ಬೇಡ. ನನ್ನನ್ನು ಕೇಳಿದರೆ ಎಲೆಗೆ ಅದೇ ನ್ಯಾಯ.

ಸಾಬೂನು ಮತ್ತೆ ತಗೊಳ್ಳುತ್ತೀಯಾ ಅಂದರೆ, ಹೌದು. ಸೆಂಟು ಆಗದವರು, ಚಳಿಗಾಲದಲ್ಲಿ ಮೈ ಬಿರಿಯುವವರು ಧಾರಾಳವಾಗಿ ತಗೊಳ್ಳಿ. ಎಕ್ಸಿಮಾ, ಗಜಕರ್ಣ ಇರುವವರು ಆ 120 ರೂಪಾಯಿಯನ್ನು ಡಾಕ್ಟರ ಫೀಸಿಗೆ ಸೇರಿಸಿ. ಐದು ಬಿಲ್ಲೆ ಒಟ್ಟಿಗೆ ತಗೊಂಡರೆ ಅಂಚೆ ಖರ್ಚು ಅವರದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಡರ್ ತಗೊಳ್ಳುವುದಿಲ್ಲ, ಆ ಮಳೆಯಲ್ಲಿ ಸಾಬೂನು ಒಣಗುವುದೇ ಇಲ್ಲವಂತೆ, ಹಾಗಾಗಿ ಬೇಕಾದವರು ಮೇ ತಿಂಗಳಲ್ಲೇ ಫೋನ್ ಮಾಡಿ ಹೇಳಿಡಬೇಕು.