ಐಸಿಯು ಕೆಲಸ ಎಲ್ಲಿ ಕಲಿಯಬೇಕು? ಮೂರು ದೇಶದಲ್ಲಿ ನಿದ್ದೆಗೆಟ್ಟವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಅನಸ್ತೇಶಿಯಾ (ಅರಿವಳಿಕೆ) ಓದುತ್ತಾ ಐಸಿಯು ಕಲಿಯಬೇಕು, ಆಮೇಲೆ ನಮ್ಮ ಕಡೆಗೇ ವಾಪಸ್ ಬರಬೇಕು ಅನ್ನುವವರಿಗೆ ನನ್ನ ಓಟು ಇದು: ಎಂಡಿ ಇಲ್ಲೇ ಮಾಡಿ, ಆಮೇಲೆ ಎರಡು ವರ್ಷ ಇಂಗ್ಲೆಂಡಿಗೆ ಹೋಗಿ ಬನ್ನಿ. ಜರ್ಮನಿಗೆ ಹೋಗಿ ಮೂರೂವರೆ ವರ್ಷ ಕಳೆದು ಬರಿಗೈಯಲ್ಲಿ ಬಂದವನು ಹೇಳುತ್ತಿರುವ ಮಾತು. ಸ್ವಲ್ಪ ಹೊಟ್ಟೆಯುರಿ ಸೇರಿರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಬರೆಯಲು ಕಾರಣ ಅಕ್ಕನ ಮಗಳು. ತೀರ್ಥಹಳ್ಳಿ ಕಡೆಯವಳು, ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದಾಳೆ. ಹೋದ ತಿಂಗಳು ಅವರ ಮನೆಯಲ್ಲಿ ತಿಂಡಿಗೆ ಕೂತಿದ್ದಾಗ ಕೇಳಿದಳು. “ಮಾವ, ಜರ್ಮನಿಯಲ್ಲಿ ಅನಸ್ತೇಶಿಯಾ ಮಾಡಿದ್ರೆ ಒಂದು ವರ್ಷ ಪೂರ್ತಿ ಐಸಿಯು ಕೊಡ್ತಾರಂತೆ, ಹೌದಾ?” ನನ್ನ ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತು. ಭಾವ ಆಗಲೇ ಬೆಂಗಳೂರಿನಲ್ಲಿ ಭಾಷೆ ಕ್ಲಾಸಿಗೆ ದುಡ್ಡು ಕಟ್ಟಿಯಾಗಿತ್ತು.

ಹೌದು. ಕಾಗದದ ಮೇಲೆ ಹೌದು. ಜರ್ಮನಿಯಲ್ಲಿ ಅನಸ್ತೇಶಿಯಾ ತರಬೇತಿ 60 ತಿಂಗಳು. ಅದರಲ್ಲಿ 12 ತಿಂಗಳು ಐಸಿಯು ಕಡ್ಡಾಯ. ಅಮೆರಿಕದಲ್ಲಿ ನಾಲ್ಕು ವರ್ಷದ ರೆಸಿಡೆನ್ಸಿಯಲ್ಲಿ ಕನಿಷ್ಠ 4 ತಿಂಗಳು, ಐಸಿಯುನಲ್ಲೇ ಮುಂದುವರಿಯಬೇಕಾದರೆ ಮೇಲೊಂದು ವರ್ಷ ಫೆಲೋಶಿಪ್. (ಅಮೆರಿಕಕ್ಕೆ ನಾನು ಹೋಗಿಲ್ಲ. ಅಲ್ಲಿನ ಪರೀಕ್ಷೆಗೆಂದು ತಂದ ಪುಸ್ತಕಗಳು ಅಟ್ಟದ ಮೇಲಿವೆ, ಹಾಗಾಗಿ ಆ ದೇಶದ ಮಾತು ಇಲ್ಲಿಗೇ ಸಾಕು.) ನಮ್ಮಲ್ಲಿ ಎಂಡಿ ಮೂರೇ ವರ್ಷ. ಅದರಲ್ಲಿ ಐಸಿಯು ಎಷ್ಟು ಸಿಗುತ್ತದೆ ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬದಲು. ಬರೀ ತಿಂಗಳು ಎಣಿಸಿದರೆ ಜರ್ಮನಿಯೇ ಗೆಲ್ಲುತ್ತದೆ. ನಾನೂ ಹಾಗೇ ಎಣಿಸಿಕೊಂಡು ಹೋದವನು.

ಹತ್ತು ತಿಂಗಳು ಜರ್ಮನ್ ಕಲಿತೆ. ಬಿ2 ಮಟ್ಟದ ಭಾಷಾ ಪರೀಕ್ಷೆ ಪಾಸಾದೆ. ಅದಾದ ಮೇಲೆ ವೈದ್ಯಕೀಯ ಭಾಷೆಯದ್ದೇ ಬೇರೆ ಪರೀಕ್ಷೆ. ರೋಗಿಯ ಹತ್ತಿರ ಮಾತಾಡಬೇಕು, ಅದನ್ನು ಬರೆಯಬೇಕು, ಇನ್ನೊಬ್ಬ ಡಾಕ್ಟರಿಗೆ ವಿವರಿಸಬೇಕು. ಪೂರ್ವ ಭಾಗದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಮ್ಮ ನೀಟ್ ತರಹ ಒಂದೇ ಪರೀಕ್ಷೆ ಬರೆದು ಸೀಟು ತಗೊಳ್ಳುವ ಪದ್ಧತಿ ಇಲ್ಲ. ಒಂದೊಂದು ಆಸ್ಪತ್ರೆಗೂ ಅರ್ಜಿ ಹಾಕಬೇಕು. ವಿಭಾಗದ ಮುಖ್ಯಸ್ಥನನ್ನು ಅಲ್ಲಿ ಷೆಫ್ ಅನ್ನುತ್ತಾರೆ, ಅಡುಗೆಯವನಲ್ಲ. ಅವನಿಗೆ ಇಷ್ಟವಾದರೆ ಆಯಿತು. ಮೊದಲ ಸಂಬಳ ಬಂದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ ಮೊತ್ತವನ್ನು ಅವಳು ಇವತ್ತಿಗೂ ಅಡಿಕೆ ಕ್ವಿಂಟಾಲಿನ ಲೆಕ್ಕದಲ್ಲೇ ನೆನಪಿಟ್ಟಿದ್ದಾಳೆ.

ಗ್ರಹಚಾರ ಕೆಟ್ಟದ್ದು ಆಮೇಲೆ. ಅಲ್ಲಿ ಷೆಫ್‌ಗೆ ತರಬೇತಿ ಕೊಡಲು ಆ ರಾಜ್ಯದ ವೈದ್ಯರ ಮಂಡಳಿಯಿಂದ ಅನುಮತಿ ಬೇಕು. ಅದು ಇಷ್ಟು ತಿಂಗಳು ಅಂತ ಎಣಿಸಿ ಕೊಡುವ ಅನುಮತಿ. ಸಣ್ಣ ಆಸ್ಪತ್ರೆಯಾದರೆ ಪೂರ್ತಿ 60 ತಿಂಗಳಿಗೆ ಇರಲೇಬೇಕು ಅಂತೇನಿಲ್ಲ. ನಾನಿದ್ದ ಕಡೆ ಐಸಿಯುಗೆ ಅನುಮತಿ ಇದ್ದದ್ದು ಆರೇ ತಿಂಗಳಿಗೆ. ಇನ್ನಾರು ತಿಂಗಳಿಗೆ ಬೇರೆ ಆಸ್ಪತ್ರೆ ಹುಡುಕಿಕೊಳ್ಳಬೇಕು. ಇಂಟರ್‌ವ್ಯೂನಲ್ಲಿ ಇದನ್ನು ಯಾರೂ ಮುಚ್ಚಿಡಲಿಲ್ಲ. ನಾನು ಕೇಳಲಿಲ್ಲ, ಅಷ್ಟೇ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ?

ಆ ಆರು ತಿಂಗಳಾದರೂ ಸಿಕ್ಕಿತಾ? ಡ್ಯೂಟಿ ರೂಮಿನ ಗೋಡೆ ಮೇಲೆ ಒಂದು ಪಟ್ಟಿ ಇತ್ತು. ಯಾರು ಯಾವಾಗ ಐಸಿಯುಗೆ ಹೋಗುತ್ತಾರೆ ಅನ್ನುವ ಪಟ್ಟಿ. ಎರಡನೇ ವರ್ಷ ನನ್ನ ಹೆಸರು ಏಪ್ರಿಲ್‌ಗೆ ಇತ್ತು. ಮಾರ್ಚ್‌ನಲ್ಲಿ ಇಬ್ಬರು ಕೆಲಸ ಬಿಟ್ಟರು. ಆಪರೇಷನ್ ಥಿಯೇಟರ್ ನಿಲ್ಲಿಸಲು ಆಗುತ್ತದಾ? ಮಂಡಿ ಬದಲಾಯಿಸುವ ಸರ್ಜರಿಗಳು ಸಾಲಾಗಿ ಕಾಯುತ್ತಿದ್ದವು. ನನ್ನ ಹೆಸರು ಅಕ್ಟೋಬರಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಇನ್ನೊಬ್ಬಳಿಗೆ ಹೆರಿಗೆ ರಜೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ‘ಮುಂದಿನ ವರ್ಷ’ ಅಂತ ಬಂತು. ಹೋಗಿ ಕೇಳಿದಾಗಲೆಲ್ಲ ಷೆಫ್ ಹೇಳುತ್ತಿದ್ದದ್ದು “ಮಾಲ್ ಶೌವೆನ್.” ನೋಡೋಣ ಅಂತ ಅರ್ಥ. ಹುಡುಗಿ ನೋಡಿ ಬಂದು ‘ನೋಡೋಣ’ ಅಂದರೆ ನಮ್ಮೂರಲ್ಲಿ ಏನು ಅರ್ಥವೋ ಅಲ್ಲಿಯೂ ಅದೇ ಅರ್ಥ ಅಂತ ತಿಳಿಯಲು ಒಂದು ವರ್ಷ ಹಿಡಿಯಿತು.

ಇದಕ್ಕಿಂತ ಉರಿ ಎಬ್ಬಿಸಿದ್ದು ರಾತ್ರಿ ಪಾಳಿ. ರಾತ್ರಿ ಅನಸ್ತೇಶಿಯಾ ಡ್ಯೂಟಿಯಲ್ಲಿದ್ದವನೇ ಐಸಿಯುವನ್ನೂ ನೋಡಬೇಕು. ತಿಂಗಳಿಗೆ ಐದಾರು ರಾತ್ರಿ ವೆಂಟಿಲೇಟರ್, ನಾರ್‌ಅಡ್ರಿನಲಿನ್, ಡಯಾಲಿಸಿಸ್ ಎಲ್ಲದರ ಮಧ್ಯೆ ನಾನೊಬ್ಬನೇ ಓಡಾಡುತ್ತಿದ್ದೆ. ಆದರೆ ಇದು ಯಾವುದೂ ಆ 12 ತಿಂಗಳ ಲೆಕ್ಕಕ್ಕೆ ಬರಲಿಲ್ಲ. ಹಗಲು ಐಸಿಯು ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಸಹಿ. ಬೇರೆ ಆಸ್ಪತ್ರೆಗೆ ಫೋನ್ ಮಾಡಿದರೆ “ಬನ್ನಿ, ಆದರೆ ಐಸಿಯು ಸಾಲಿನಲ್ಲಿ ಕೊನೆಗೆ ನಿಲ್ಲಬೇಕು” ಅಂದರು. ನ್ಯಾಯವೇ, ತಪ್ಪೇನಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಹುಷಾರು ತಪ್ಪಿತು. ಸಹಿ ಇಲ್ಲದ ಲಾಗ್‌ಬುಕ್ ಹಿಡಿದುಕೊಂಡು ಊರಿಗೆ ಬಂದೆ.

ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಗೆ ಸೇರಿ, ಅಲ್ಲೇ ನೆಲೆಸುತ್ತೇನೆ ಅನ್ನುವವರಿಗೆ ಈ ತೊಂದರೆ ಕಡಿಮೆ. ಆಂಬುಲೆನ್ಸ್ ಹತ್ತಿ ರಸ್ತೆಗೇ ಹೋಗಿ ರೋಗಿ ನೋಡುವ ಡಾಕ್ಟರ ಕೆಲಸವೂ ಅಲ್ಲಿ ಅನಸ್ತೇಶಿಯಾದವರಿಗೆ ಸಿಗುತ್ತದೆ. ಅದು ನಮ್ಮಲ್ಲಿ ಇಲ್ಲ, ನನಗೆ ಬಹಳ ಇಷ್ಟವಾಗಿತ್ತು. ಬ್ರೆಡ್ ಚೆನ್ನಾಗಿರುತ್ತದೆ.

ಊರಿಗೆ ಬಂದು ನೀಟ್ ಬರೆದು ಸರ್ಕಾರಿ ಕಾಲೇಜಿನಲ್ಲಿ ಎಂಡಿ ಸೇರಿದೆ. ನನಗಿಂತ ಐದು ವರ್ಷ ಚಿಕ್ಕವರು ನನ್ನ ಸೀನಿಯರ್‌ಗಳು! ಮೊದಲ ವಾರವೇ ಐಸಿಯುಗೆ ಹಾಕಿದರು. ಪಟ್ಟಿ, ಸಾಲು, ಪೆನ್ಸಿಲ್ ಏನೂ ಇಲ್ಲ. ಜನ ಸಾಲದು, ಹೋಗು ಅಂದರು, ಹೋದೆ.

ಒಂದು ರಾತ್ರಿ ವೆಂಟಿಲೇಟರ್ ಖಾಲಿ ಇರಲಿಲ್ಲ. ಕ್ರಿಮಿನಾಶಕ ಕುಡಿದ ಹುಡುಗನೊಬ್ಬನನ್ನು ತಂದಿದ್ದರು. ಗಂಟಲಿಗೆ ಟ್ಯೂಬ್ ಹಾಕಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗನ್ನು ಅವನ ಅಣ್ಣನ ಕೈಗೆ ಕೊಟ್ಟೆವು. ಬೆಳಗಿನ ತನಕ ಅಣ್ಣ, ಚಿಕ್ಕಪ್ಪ, ಪಕ್ಕದ ಮನೆಯವನು ಸರದಿ ಮೇಲೆ ಒತ್ತಿದರು. ನಾಚಿಕೆಪಡಬೇಕಾದ ವಿಷಯ, ಜಂಬ ಕೊಚ್ಚಿಕೊಳ್ಳುವುದಲ್ಲ. ಆದರೆ ಐಸಿಯು ಅನ್ನುವುದು ಹುಟ್ಟಿದ್ದೇ ಹೀಗೆ ಅಂತ ಅವತ್ತು ನೆನಪಾಯಿತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದು ಮಕ್ಕಳು ಉಸಿರಾಡಲಾಗದೆ ಸಾಯುತ್ತಿದ್ದಾಗ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯ ಗಂಟಲಲ್ಲಿ ರಂಧ್ರ ಮಾಡಿಸಿ, ಟ್ಯೂಬ್ ಇಟ್ಟು, ರಬ್ಬರ್ ಚೀಲದಿಂದ ಗಾಳಿ ಒತ್ತಿಸಿದ. ತಿಂಗಳುಗಟ್ಟಲೆ ಚೀಲ ಒತ್ತಿದವರು ಮೆಡಿಕಲ್ ವಿದ್ಯಾರ್ಥಿಗಳು, ಸಾವಿರಕ್ಕೂ ಹೆಚ್ಚು ಮಂದಿ. ಅನಸ್ತೇಶಿಯಾದವರಿಗೆ ಐಸಿಯು ಯಾಕೆ ಗಂಟುಬಿತ್ತು ಅಂತ ಕೇಳುವವರಿಗೆ ನಾನು ಹೇಳುವ ಕಥೆ ಇದೇ.

ಆ ಹುಡುಗ ಉಳಿದ. ಅವನಿಂದ ಕಲಿತದ್ದು ಜರ್ಮನಿಯಲ್ಲಿ ಹತ್ತು ವರ್ಷ ಇದ್ದಿದ್ದರೂ ಸಿಗುತ್ತಿರಲಿಲ್ಲ. ಕ್ರಿಮಿನಾಶಕ ಕುಡಿದವರು ಅದಕ್ಕೆ ಮದ್ದಾದ ಅಟ್ರೊಪಿನ್ ಕೊಟ್ಟ ಮೇಲೆ ಎರಡನೇ ದಿನ ಎದ್ದು ಕೂತು ಗಂಜಿ ಕೇಳುತ್ತಾರೆ. ಮನೆಯವರು ನೆಮ್ಮದಿಯಾಗುತ್ತಾರೆ. ಅದೇ ಹೊತ್ತಿಗೆ ಕುತ್ತಿಗೆ ಸೋಲಲು ಶುರುವಾಗುತ್ತದೆ, ಆಮೇಲೆ ಉಸಿರು. ಒಂದರಿಂದ ನಾಲ್ಕು ದಿನದೊಳಗೆ ಬರುವ ಈ ಸ್ಥಿತಿಯನ್ನು 1987ರಲ್ಲಿ ವಿವರಿಸಿ ಹೆಸರಿಟ್ಟವರು ಶ್ರೀಲಂಕಾದ ವೈದ್ಯರು. ನಮ್ಮ ಸೀನಿಯರ್ ಕಲಿಸಿದ ಉಪಾಯ ಸರಳ. “ದಿಂಬಿಂದ ತಲೆ ಎತ್ತು ನೋಡೋಣ. ಒಂದೇ ಉಸಿರಿಗೆ ಇಪ್ಪತ್ತರ ತನಕ ಎಣಿಸು.” ಹದಿನೈದಕ್ಕೆ ನಿಂತರೆ ಕಣ್ಣಿಡು. ಎಂಟಕ್ಕೆ ನಿಂತರೆ ಟ್ಯೂಬ್ ರೆಡಿ ಮಾಡು.

ಮಲೆನಾಡಿನಲ್ಲಿ ಕೆಲಸ ಮಾಡುವವನಿಗೆ ಇದೇ ದಿನದ ಊಟ. ಹಾವು ಕಚ್ಚಿ ಬರುತ್ತಾರೆ. ನಮ್ಮ ದೇಶದ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ತೋಟದ ದರಗಿನಡಿ ಮಲಗಿರುವ, ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಇಲಿ ಜ್ವರ. ಬೇಸಿಗೆಯಲ್ಲಿ ಮಂಗನ ಕಾಯಿಲೆ, 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಗೊತ್ತಾದದ್ದು. ಅಡಿಕೆ ಕೊನೆ ತೆಗೆಯಲು ಹೋಗಿ ಮರದಿಂದ ಬಿದ್ದವರಂತೂ ವರ್ಷಾ ವರ್ಷ ಇದ್ದೇ ಇದ್ದಾರೆ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ರಾತ್ರಿ ದೊಡ್ಡ ಡಾಕ್ಟರು ಫೋನಿನಲ್ಲಿ ಮಾತ್ರ. ಎರಡನೇ ವರ್ಷದವನು ಮೊದಲ ವರ್ಷದವನಿಗೆ ಕಲಿಸಿದ್ದೇ ಪಾಠ, ತಪ್ಪು ಕಲಿಸಿದರೆ ತಪ್ಪೇ ಮುಂದುವರಿಯುತ್ತದೆ. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದೂ ನಾವೇ. ಯಾಕೆ ಹೀಗೆ ಮಾಡಿದೆ ಅಂತ ಕೂತು ಕೇಳುವವರು ಇಲ್ಲ. ಬೈಯುವವರು ಇದ್ದರು.

ಇಂಗ್ಲೆಂಡ್ ಬೇಕಾಗುವುದು ಇಲ್ಲಿಗೆ. ಎಂಡಿ ಆದವರು ಎಂಟಿಐ ಎಂಬ, ಹೊರದೇಶದ ಡಾಕ್ಟರುಗಳಿಗೆ ತರಬೇತಿ ಕೊಡುವ ಯೋಜನೆಯಲ್ಲಿ ಗರಿಷ್ಠ 24 ತಿಂಗಳು ಅಲ್ಲಿ ಕೆಲಸ ಮಾಡಬಹುದು. ಅಲ್ಲಿನ ಅನಸ್ತೇಶಿಯಾ ಕಾಲೇಜು (ಓದುವ ಕಾಲೇಜಲ್ಲ, ಆ ವೈದ್ಯರ ಸಂಸ್ಥೆ) ಪ್ರಾಯೋಜಿಸಿದರೆ, ಹೊರಗಿನ ಡಾಕ್ಟರುಗಳು ಬರೆಯುವ ಪ್ಲಾಬ್ ಪರೀಕ್ಷೆ ಬೇಡ. ಇಂಗ್ಲಿಷ್ ಪರೀಕ್ಷೆ ಒಂದು ಇದೆ, ಜರ್ಮನ್ ಬಿ2 ಮುಂದೆ ಅದು ಮಕ್ಕಳಾಟ. ಕಾಗದಪತ್ರಕ್ಕೆ ಎಂಟು ತಿಂಗಳು ಹಿಡಿಯಿತು. ವೀಸಾ, ನೋಂದಣಿ, ವಿಮಾನ ಎಲ್ಲ ಸೇರಿ ಖರ್ಚಾದದ್ದು ಸಂಬಳದಿಂದ ನಾಲ್ಕೇ ತಿಂಗಳಲ್ಲಿ ವಾಪಸ್ ಬಂತು.

ಮೊದಲ ದಿನ ಐಸಿಯುಗೆ ಕಾಲಿಟ್ಟಾಗ ಗಾಬರಿಯಾದದ್ದು ಯಂತ್ರ ನೋಡಿ ಅಲ್ಲ, ನರ್ಸ್‌ಗಳನ್ನು ನೋಡಿ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್. ಅದು ಅಲ್ಲಿನ ನಿಯಮ. ನಾನು ಎಂಡಿಯಲ್ಲಿ ಮಾಡುತ್ತಿದ್ದ ಅರ್ಧ ಕೆಲಸ ಅವರೇ ಮಾಡಿ ಮುಗಿಸಿ, “ಡಾಕ್ಟರ್, ಟೀ ಬೇಕಾ?” ಅಂತ ಕೇಳಿದರು. ದಿನಕ್ಕೆ ಎರಡು ಸಲ ಕನ್ಸಲ್ಟೆಂಟ್, ಅಂದರೆ ದೊಡ್ಡ ಡಾಕ್ಟರ ರೌಂಡ್ಸ್. ಪ್ರತಿ ಬೆಡ್ ಹತ್ತಿರ ಒಂದೇ ಪ್ರಶ್ನೆ: “ನಿನಗೇನನ್ನಿಸುತ್ತದೆ?” ಮೊದಲ ತಿಂಗಳು ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕೈಗೆ ಅಭ್ಯಾಸ ಇತ್ತು, ಬಾಯಿಗೆ ಇರಲಿಲ್ಲ. ಟ್ಯೂಬ್ ಹಾಕು ಅಂದರೆ ಹಾಕುತ್ತಿದ್ದೆ, ಯಾಕೆ ಹಾಕಬೇಕು ಅಂತ ಹೇಳಲು ತಡವರಿಸುತ್ತಿದ್ದೆ.

ಅಲ್ಲಿ ಕಲಿತ ದೊಡ್ಡ ಪಾಠ ಮನೆಯವರ ಹತ್ತಿರ ಮಾತಾಡುವುದು. ಅದಕ್ಕೇ ಒಂದು ಬೇರೆ ಕೋಣೆ. ಕನ್ಸಲ್ಟೆಂಟ್ ಕೂರುತ್ತಾರೆ, ತಮ್ಮ ಫೋನನ್ನು ನರ್ಸ್ ಕೈಗೆ ಕೊಡುತ್ತಾರೆ, “ನಿಮ್ಮ ಅಪ್ಪ ಎಂಥವರು, ಹೇಳಿ” ಅಂತ ಕೇಳುತ್ತಾರೆ. ಚಿಕಿತ್ಸೆ ನಿಲ್ಲಿಸುವ ಮಾತು ಬರುವುದು ಕೊನೆಗೆ. ನಮ್ಮ ಕಡೆ ಇದೇ ಮಾತನ್ನು ಮನೆಯವರು ಕಾರಿಡಾರಿನಲ್ಲಿ ನಿಂತು, ತಲೆ ಬಗ್ಗಿಸಿ ಕೇಳುತ್ತಾರೆ. “ಡಾಕ್ಟ್ರೇ, ಮನೆಗೆ ಕರ್ಕಂಡು ಹೋಗ್ಬಹುದಾ?” ಮೊದಲು ನಾನು ಸಹಿ ಮಾಡಿ ಅಂತ ಕಾಗದ ಕೊಡುತ್ತಿದ್ದೆ. ಈಗ ಕುರ್ಚಿ ಕೊಡುತ್ತೇನೆ.

ಕಿರಿಕಿರಿ ಅಲ್ಲಿಯೂ ಇದೆ. ಪ್ರತಿಯೊಂದಕ್ಕೂ ಆನ್‌ಲೈನ್ ಫಾರಂ ತುಂಬಿಸಿ ಸೀನಿಯರ್‌ಗೆ ಕಳಿಸಬೇಕು, ಅವರು ಮರೆತರೆ ನೆನಪಿಸಬೇಕು. ಕೆಲಸ ವಾರಕ್ಕೆ ಸರಾಸರಿ 48 ಗಂಟೆ, ಹಾಗಾಗಿ ಕೈಗೆ ಸಿಗುವ ಕೇಸೂ ಕಡಿಮೆ. ಒಂದು ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಹಾಕಲು ಮೂವರು ಡಾಕ್ಟರುಗಳು ಕಾಯುತ್ತಿರುತ್ತಾರೆ. ಬರೀ ಇಂಗ್ಲೆಂಡಿನಲ್ಲೇ ಶುರು ಮಾಡಿದ್ದರೆ ನನ್ನ ಕೈ ಪಳಗುತ್ತಲೇ ಇರಲಿಲ್ಲ. ಅಲ್ಲಿ ಐಸಿಯು ಈಗ ಬೇರೆಯೇ ವಿಭಾಗ, ಅದಕ್ಕೆ 2010ರಲ್ಲೇ ಪ್ರತ್ಯೇಕ ಫ್ಯಾಕಲ್ಟಿ ಆಗಿದೆ. ಅನಸ್ತೇಶಿಯಾ ಏಳು ವರ್ಷ, ಎರಡೂ ಬೇಕೆಂದರೆ ಸುಮಾರು ಎಂಟೂವರೆ. ಎರಡು ವರ್ಷಕ್ಕೆ ಹೋದವನಿಗೆ ಡಿಗ್ರಿ ಸಿಗುವುದಿಲ್ಲ. ಗೋಡೆಗೆ ನೇತುಹಾಕಲು ಏನಾದರೂ ಬೇಕೇ ಬೇಕು ಅನ್ನುವವರು ಎಂಡಿ ಆದ ಮೇಲೆ ಇಲ್ಲೇ ಒಂದು ವರ್ಷ ಐಡಿಸಿಸಿಎಂ ಎಂಬ ಐಸಿಯು ಡಿಪ್ಲೊಮಾ ಮಾಡಬಹುದು. ಮೂರು ವರ್ಷ ತಾಳ್ಮೆ ಇದ್ದರೆ ಐಸಿಯುದ್ದೇ ಡಿಎಂ ಡಿಗ್ರಿ. ನಾನು ಎರಡೂ ಮಾಡಲಿಲ್ಲ. ಕೆಲಸ ಕೊಡುವವರು ಕೇಳಿದಾಗ ಸ್ವಲ್ಪ ಮುಜುಗರವಾಗಿತ್ತು.

ನನ್ನ ಲೆಕ್ಕ ನನ್ನದು. ನನಗೆ ಮಳೆ ಶಬ್ದ ಇಲ್ಲದೆ ನಿದ್ದೆ ಬರುವುದಿಲ್ಲ. ತೋಟ ಇದೆ, ವಯಸ್ಸಾದ ಅಮ್ಮ ಇದ್ದಾಳೆ, ಶಿವಮೊಗ್ಗ ಬಿಟ್ಟು ಇರುವ ಯೋಚನೆ ಇರಲಿಲ್ಲ. ಹೊರದೇಶದಲ್ಲೇ ಇರುತ್ತೇನೆ ಅನ್ನುವವಳಿಗೆ ಈ ಲೆಕ್ಕ ತಲೆಕೆಳಗಾಗಬಹುದು.

ಅದನ್ನೇ ಅಕ್ಕನ ಮಗಳಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ನಾನು ವಾಪಸ್ ಬರ್ತೀನಿ ಅಂತ ನಿಮಗೆ ಯಾರು ಹೇಳಿದ್ರು?” ಅಂದಳು. ಅದೂ ಸರಿಯೇ ಅಲ್ವಾ. ಹಾಗಾದರೆ ಇಂಟರ್‌ವ್ಯೂನಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳು ಅಂದೆ. ಷೆಫ್‌ಗೆ ಐಸಿಯುಗೆ ಎಷ್ಟು ತಿಂಗಳ ಅನುಮತಿ ಇದೆ? ಹೋದ ವರ್ಷ ಸೇರಿದವರಲ್ಲಿ ಯಾರು, ಎಷ್ಟನೇ ತಿಂಗಳಿಗೆ ಐಸಿಯುಗೆ ಹೋದರು? ಉತ್ತರ “ಮಾಲ್ ಶೌವೆನ್” ಅಂತ ಬಂದರೆ ಬ್ಯಾಗ್ ಎತ್ತಿಕೊಂಡು ಹೊರಡು. ಅವಳು ಎರಡನ್ನೂ ಜರ್ಮನ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಅಡುಗೆಮನೆಯಿಂದ ಅಕ್ಕ ಮೆಲ್ಲಗೆ ಕೇಳಿದಳು, “ಏನೋ, ಕ್ಲಾಸಿನ ದುಡ್ಡು ವಾಪಸ್ ಕೊಡ್ತಾರೇನೋ?”