ಮೂರಡಿ ಆಳು ಎರಡು ಮೂಟೆ ಕಾಫಿ ಹೊರುತ್ತದೆ, ಉದ್ದ ಬಿಲ್ಲು ಹಿಡಿಯಲಾರದು: ಎಸ್‌ಆರ್‌ಡಿ 5.1 ದೀರ್ಘ ಬಳಕೆಯ ವಿಮರ್ಶೆ

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಉಚಿತ ನಿಯಮಕೋಶ ಎಸ್‌ಆರ್‌ಡಿ 5.1ರಲ್ಲಿ ಎಷ್ಟು ಕ್ಲಾಸ್ (ಪಾತ್ರದ ಕಸುಬು) ಇವೆ, ಎಷ್ಟು ಮಂತ್ರ ಇವೆ ಎಂಬುದು ಆಡುವವರಿಗೆಲ್ಲ ಗೊತ್ತು. ಇಲ್ಲಿ ಬರೆಯುತ್ತಿರುವುದು ಒಂದೇ ವಿಚಾರ: ಪಾತ್ರದ ಗಾತ್ರ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ವಾರ ತಪ್ಪದೆ ಆಡುವ ಮೇಜಿನಲ್ಲಿ ಅತಿ ಹೆಚ್ಚು ವಾದ ಎದ್ದಿರುವುದು ಈ ಒಂದು ಸಾಲಿನ ಮೇಲೆ: ‘ನಿಮ್ಮ ಗಾತ್ರ ಮೀಡಿಯಂ’ ಅಥವಾ ‘ಸ್ಮಾಲ್’.

ಹೊಸಬರು ಆ ಸಾಲನ್ನು ದೇಹದ ಅಳತೆ ಎಂದು ಓದುತ್ತಾರೆ. ಅದು ಜಾಗದ ಅಳತೆ. ಸ್ಮಾಲ್ ಮತ್ತು ಮೀಡಿಯಂ ಎರಡಕ್ಕೂ 5 ಅಡಿ ಚೌಕ, ಲಾರ್ಜ್‌ಗೆ 10, ಹ್ಯೂಜ್‌ಗೆ 15, ಗಾರ್ಗ್ಯಾಂಟುವನ್‌ಗೆ 20 ಅಥವಾ ಇನ್ನೂ ಹೆಚ್ಚು, ಟೈನಿಗೆ ಎರಡೂವರೆ. ಜಗಳದ ಹೊತ್ತಿನಲ್ಲಿ ಆ ಜೀವ ಎಷ್ಟು ನೆಲವನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದಷ್ಟೇ ಇದರ ಅರ್ಥ. ನಿಯಮದಲ್ಲೇ ಇರುವ ಉದಾಹರಣೆ: ಐದಡಿ ಅಗಲದ ಬಾಗಿಲಲ್ಲಿ ಒಬ್ಬ ಹಾಬ್‌ಗಾಬ್ಲಿನ್ ನಿಂತರೆ, ಅವನು ಬಿಡದೆ ಯಾರೂ ದಾಟುವಂತಿಲ್ಲ. ಅವನ ಮೈಯೇನೂ ಐದಡಿ ಅಗಲ ಇರುವುದಿಲ್ಲ.

ಇದು ತಿಳಿದ ಮೇಲೆ ವರ್ಣನೆಗೆ ಸಿಗುವ ಸ್ವಾತಂತ್ರ್ಯ ದೊಡ್ಡದು. ಪಾತ್ರಕ್ಕೆ ಆರಿಸಿಕೊಳ್ಳುವ ಜನಾಂಗಗಳಲ್ಲಿ ಹಾಫ್-ಆರ್ಕ್ ಐದಡಿಯವನಾದರೂ ಆರೂವರೆ ಅಡಿಯವನಾದರೂ ಮೀಡಿಯಂ. ಡ್ರ್ಯಾಗನ್‌ಬಾರ್ನ್ ಸುಮಾರು 250 ಪೌಂಡ್, ಅಂದರೆ 113 ಕಿಲೋ ತೂಗಿದರೂ ಮೀಡಿಯಂ. ಬೊಜ್ಜು, ಬಡಕಲು, ಗೂನು, ಅಗಲ ಭುಜ, ಯಾವುದಕ್ಕೂ ಅಂಕ ಕಡಿತವಿಲ್ಲ. ಬೇಲೂರಿನ ಮದನಿಕೆಯ ಹಾಗೆ ಉಗುರಿನ ತುದಿಯವರೆಗೂ ಬಿಡಿಸಿ ವರ್ಣಿಸಿದರೂ ಆಟದ ತಕ್ಕಡಿ ಅಲುಗಾಡುವುದಿಲ್ಲ. ಈ ನಿಯಮಕೋಶದಲ್ಲಿ ಅತಿ ಇಷ್ಟವಾದದ್ದೇ ಇದು.

ಹಾಗಂತ ಎತ್ತರವನ್ನು ಬಾಯಿಗೆ ಬಂದಂತೆ ಹೇಳಿ ಮರೆಯಬಾರದು. ಮೂರು ಕಡೆ ಅದು ಸದ್ದಿಲ್ಲದೆ ಲೆಕ್ಕಕ್ಕೆ ಬರುತ್ತದೆ. ಮೊದಲನೆಯದು ಎತ್ತರ ಜಿಗಿತ. ಹತ್ತಡಿ ಓಡಿ ಬಂದು ಜಿಗಿದರೆ 3 ಅಡಿಗೆ ಸ್ಟ್ರೆಂತ್ ಮಾಡಿಫೈಯರ್ (ದೇಹಬಲದ ಅಂಕದಿಂದ ಬರುವ ಕೂಡು-ಕಳೆ, 10ಕ್ಕೆ ಸೊನ್ನೆ) ಕೂಡಿಸಿದಷ್ಟು ಮೇಲೇರಬಹುದು. ಕೈ ಚಾಚಿದರೆ ಅದರ ಮೇಲೆ ನಿಮ್ಮ ಎತ್ತರದ ಒಂದೂವರೆ ಪಟ್ಟು ಸಿಗುತ್ತದೆ. ಸ್ಟ್ರೆಂತ್ 10 ಇರುವ ಆರಡಿ ಮನುಷ್ಯನಿಗೆ 12 ಅಡಿ ಮೇಲಿನ ಜಂತಿ ಎಟುಕುತ್ತದೆ, ಅಷ್ಟೇ ಸ್ಟ್ರೆಂತ್ ಇರುವ, ಸ್ಮಾಲ್ ಜನಾಂಗದ ಮೂರಡಿ ಹಾಫ್ಲಿಂಗ್‌ಗೆ ಏಳೂವರೆ ಅಡಿ ಮಾತ್ರ. ಎರಡನೆಯದು ಮರೆ. ಮೈಯ ಅರ್ಧ ಭಾಗವಾದರೂ ಮುಚ್ಚಿದರೆ ಆರ್ಮರ್ ಕ್ಲಾಸ್‌ಗೆ (ಪೆಟ್ಟು ತಾಗದಂತೆ ಕಾಯುವ ಅಂಕ) 2 ಸೇರುತ್ತದೆ. ಎರಡಡಿ ಕಲ್ಲುಗೋಡೆಯ ಹಿಂದೆ ಹಾಫ್ಲಿಂಗ್‌ಗೆ ಇದು ಸಿಗುತ್ತದೆ, ಅದೇ ಗೋಡೆಯ ಹಿಂದೆ ನಿಂತ ಆರಡಿ ಮನುಷ್ಯನಿಗೆ ಸಿಗುವುದಿಲ್ಲ. ಮೂರನೆಯದು ಎನ್‌ಲಾರ್ಜ್ ಮಂತ್ರ. ಅದು ಎಲ್ಲ ಅಳತೆಯನ್ನೂ ಇಮ್ಮಡಿ ಮಾಡುತ್ತದೆ, ತೂಕವನ್ನು ಎಂಟು ಪಟ್ಟು. 70 ಕಿಲೋದ ಆಳು 560 ಕಿಲೋ ಆಗುತ್ತಾನೆ, ಆರಡಿ ಎತ್ತರ ಹನ್ನೆರಡಾಗುತ್ತದೆ. ಹತ್ತಡಿ ಸೂರಿನ ಕೆಳಗಾದರೆ ಜಾಗ ಸಿಕ್ಕಷ್ಟೇ ಬೆಳೆಯುತ್ತಾನೆ. ಆದ್ದರಿಂದ ಪಾತ್ರದ ಹಾಳೆಯಲ್ಲಿ ‘ಎತ್ತರದ ಆಳು’ ಎಂದು ಬರೆಯುವ ಬದಲು ಅಡಿ-ಇಂಚಿನಲ್ಲಿ ಮೊದಲ ದಿನವೇ ಬರೆದಿಡಿ. ಜಿಗಿಯುವ ಹೊತ್ತಿಗೆ ಎತ್ತರ ನಿರ್ಧರಿಸಲು ಕೂತರೆ ಜಗಳ ಖಚಿತ.

ಈಗ ಸಿಟ್ಟಿನ ವಿಚಾರ. ಹೊರೆಯ ಮಿತಿ ಸ್ಟ್ರೆಂತ್‌ನ 15 ಪಟ್ಟು ಪೌಂಡ್. ಇದು ಸ್ಮಾಲ್‌ಗೂ ಮೀಡಿಯಂಗೂ ಒಂದೇ. ಸ್ಟ್ರೆಂತ್ 15 ಇರುವ ಹಾಫ್ಲಿಂಗ್ 225 ಪೌಂಡ್ ಹೊರಬಹುದು, ಅಂದರೆ 102 ಕಿಲೋ. ನಮ್ಮ ಕಡೆಯ ಲೆಕ್ಕದಲ್ಲಿ 50 ಕಿಲೋದ ಎರಡು ಮೂಟೆ ಕಾಫಿ. ಹಾಫ್ಲಿಂಗ್‌ನ ಸ್ವಂತ ತೂಕ ಸುಮಾರು 40 ಪೌಂಡ್, 18 ಕಿಲೋ. ತನ್ನ ಐದೂವರೆ ಪಟ್ಟು ಹೊತ್ತು, ವೇಗ ಒಂದಡಿಯೂ ಕಡಿಮೆಯಾಗದೆ ನಡೆಯುವ ಈ ಆಳು ಉದ್ದ ಬಿಲ್ಲು ಎತ್ತಿಕೊಂಡ ಕೂಡಲೇ ನಿಯಮ ಅಡ್ಡ ಬರುತ್ತದೆ. ಲಾಂಗ್‌ಬೋ ‘ಹೆವಿ’ ಆಯುಧ, ಸ್ಮಾಲ್ ಜೀವಿಗೆ ಅದರಿಂದ ಡಿಸ್‌ಅಡ್ವಾಂಟೇಜ್, ಅಂದರೆ ಇಪ್ಪತ್ತು ಮುಖದ ದಾಳ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದನ್ನೇ ತೆಗೆದುಕೊಳ್ಳಬೇಕು. ಆ ಬಿಲ್ಲಿನ ತೂಕ ಎರಡು ಪೌಂಡ್, ಒಂದು ಕಿಲೋವೂ ಇಲ್ಲ. ಎರಡು ಕೈಯ ಗ್ರೇಟ್‌ಸ್ವೋರ್ಡ್ ಕೂಡ ಆರೇ ಪೌಂಡ್.

ಬಿಲ್ಲು ಆಳಿಗಿಂತ ಉದ್ದ, ಹಾಗಾಗಿ ಕಷ್ಟ ಎನ್ನುವ ವಾದ ಒಪ್ಪಬಹುದಿತ್ತು. ಆದರೆ ಉದ್ದವೇ ಕಾರಣವಾದರೆ ನಾಲ್ಕಡಿ ಡ್ವಾರ್ಫ್‌ಗೂ ಅದೇ ತೊಡಕು ಇರಬೇಕು. ಡ್ವಾರ್ಫ್ ಮೀಡಿಯಂ, ಅವನಿಗೆ ತೊಡಕಿಲ್ಲ. ನೋಮ್ ಕೂಡ ನಾಲ್ಕಡಿ ಬೆಳೆಯಬಹುದು, ಅವನು ಸ್ಮಾಲ್ ಆದ್ದರಿಂದ ಪೆಟ್ಟು ಅವನಿಗೆ. ಒಂದೇ ಎತ್ತರದ ಇಬ್ಬರಿಗೆ ಎರಡು ನ್ಯಾಯ. ಅದಕ್ಕೂ ಮಿಗಿಲಾಗಿ ಹಾಫ್ಲಿಂಗ್‌ಗೆ ಡೆಕ್ಸ್‌ಟೆರಿಟಿಯಲ್ಲಿ (ಚುರುಕುತನದ ಅಂಕ) 2 ಹೆಚ್ಚು ಕೊಟ್ಟು ಬಿಲ್ಲುಗಾರನಾಗಲು ಕರೆದವರೇ ಒಳ್ಳೆಯ ಬಿಲ್ಲನ್ನು ಕಸಿದುಕೊಂಡಿದ್ದಾರೆ. ಡಿಸ್‌ಅಡ್ವಾಂಟೇಜ್ ಸಣ್ಣ ಪೆಟ್ಟಲ್ಲ. 11 ಅಥವಾ ಮೇಲೆ ಬೀಳಬೇಕಾದ ಕಡೆ ಗುರಿ ತಾಗುವ ಸಾಧ್ಯತೆ ನೂರಕ್ಕೆ 50ರಿಂದ 25ಕ್ಕೆ ಇಳಿಯುತ್ತದೆ (ದಾಳದಲ್ಲಿ 1 ಬಿದ್ದರೆ ಮತ್ತೆ ಉರುಳಿಸಲು ಬಿಡುವ ಹಾಫ್ಲಿಂಗ್‌ನ ಲಕ್ಕಿ ಗುಣ ಬಿಟ್ಟು ಹಾಕಿದ ಲೆಕ್ಕ). ಉಳಿಯುವುದು ಶಾರ್ಟ್‌ಬೋ: ಪೆಟ್ಟು ಡಿ8 (ಎಂಟು ಮುಖದ ದಾಳ) ಬದಲು ಡಿ6, ಸಲೀಸಾದ ದೂರ 150 ಅಡಿಯ ಬದಲು 80.

ಇಲ್ಲಿಯವರೆಗೆ ಓದಿದವರಿಗೆ 5.1 ಅನ್ನೇ ಬಿಟ್ಟುಬಿಡಿ ಎನ್ನುತ್ತಿದ್ದೇನೆ ಅನಿಸಬಹುದು. ಇಲ್ಲ. 2025ರಲ್ಲಿ ಬಂದ ಎಸ್‌ಆರ್‌ಡಿ 5.2 ಈ ಬಿಲ್ಲಿನ ತೊಡಕನ್ನು ಸರಿಪಡಿಸಿದೆ. ಅಲ್ಲಿ ಹೆವಿ ಆಯುಧಕ್ಕೆ ಗಾತ್ರ ಕೇಳುವುದಿಲ್ಲ. ಕೈಯಲ್ಲಿ ಬೀಸುವ ಆಯುಧಕ್ಕೆ ಸ್ಟ್ರೆಂತ್ 13, ದೂರ ಹೊಡೆಯುವುದಕ್ಕೆ ಡೆಕ್ಸ್‌ಟೆರಿಟಿ 13 ಇರಬೇಕು, ಇಲ್ಲದಿದ್ದರೆ ಮಾತ್ರ ಡಿಸ್‌ಅಡ್ವಾಂಟೇಜ್. ಮನುಷ್ಯ ಪಾತ್ರ ಕೂಡ ಸ್ಮಾಲ್ ಅಥವಾ ಮೀಡಿಯಂ ಆರಿಸಿಕೊಳ್ಳಬಹುದು. 5.1 ಆಟ ನಡುವಲ್ಲಿರುವವರು ಈ ಒಂದು ಸಾಲನ್ನು ಮಾತ್ರ ಎರವಲು ತಂದರೆ ಸಾಕು, ಬೇರೇನೂ ಕೆಡುವುದಿಲ್ಲ. ಮೂಟೆಯ ಸಮಸ್ಯೆಗೆ ಮದ್ದು 5.1ರಲ್ಲೇ ಇದೆ: ಐಚ್ಛಿಕವಾದ ಎನ್‌ಕಂಬರೆನ್ಸ್ ನಿಯಮ. ಹೊರೆ ಸ್ಟ್ರೆಂತ್‌ನ ಐದು ಪಟ್ಟು ದಾಟಿದರೆ ವೇಗ 10 ಅಡಿ ಇಳಿಯುತ್ತದೆ, ಹತ್ತು ಪಟ್ಟು ದಾಟಿದರೆ 20 ಅಡಿ. ಮೊದಲೇ 25 ಅಡಿ ವೇಗದ, ಸ್ಟ್ರೆಂತ್ 15ರ ಹಾಫ್ಲಿಂಗ್ 34 ಕಿಲೋ ಮೀರಿದೊಡನೆ 15ಕ್ಕೆ ಬರುತ್ತಾನೆ. ಆಗ ಹೊರೆ ಹೊರೆಯಾಗಿ ಕಾಣುತ್ತದೆ.

ಆಟ ನಡೆಸುವ ಡಿಎಂಗಳು ವೈರಿಗಳನ್ನು ಹಿಗ್ಗಿಸುವಾಗ ಬೇರೆ ಎಚ್ಚರ ಬೇಕು. ಸ್ಟೋನ್ ಗೋಲೆಮ್ (ಮಂತ್ರದಿಂದ ನಡೆದಾಡುವ ಕಲ್ಲಿನ ಮೂರ್ತಿ) ಲಾರ್ಜ್. ಅದನ್ನು ಶ್ರವಣಬೆಳಗೊಳದ ಗೊಮ್ಮಟನಷ್ಟು, ಸುಮಾರು 57 ಅಡಿ ಎಂದು ವರ್ಣಿಸಿ ಗಾತ್ರ ಲಾರ್ಜ್ ಎಂದೇ ಬಿಟ್ಟರೆ, ಮೀಡಿಯಂ ಪಾತ್ರವೊಂದು ಅದನ್ನು ಗ್ರ್ಯಾಪಲ್ ಮಾಡಿ ಹಿಡಿದು ನಿಲ್ಲಿಸಬಹುದು, ಏಕೆಂದರೆ ಒಂದು ಗಾತ್ರ ಮೇಲಿನವರನ್ನು ಹಿಡಿಯಲು ನಿಯಮ ಬಿಡುತ್ತದೆ. ಗಾರ್ಗ್ಯಾಂಟುವನ್ ಎಂದು ಬದಲಿಸಿದರೆ ಹಿಟ್ ಡೈಸ್ (ಎಷ್ಟು ಪೆಟ್ಟು ತಾಳಬಲ್ಲದು ಎಂದು ಲೆಕ್ಕ ಹಾಕುವ ದಾಳ) ಕೂಡ ಡಿ10ರಿಂದ ಡಿ20ಕ್ಕೆ ಹೋಗಬೇಕು: 17ಡಿ10+85, ಸರಾಸರಿ 178 ಇದ್ದದ್ದು 17ಡಿ20+85, ಅಂದರೆ 263 ಆಗುತ್ತದೆ. ಇದನ್ನು ಮರೆತರೆ ಬೆಟ್ಟದಂಥ ಮೂರ್ತಿ ಲಾರ್ಜ್ ಗೋಲೆಮ್‌ನಷ್ಟೇ ಬೇಗ ಉರುಳುತ್ತದೆ. ಹಾಗೆಯೇ ಲಾರ್ಜ್ ಜೀವಿ ಐದಡಿ ಓಣಿಯಲ್ಲಿ ನುಸುಳಬಹುದು, ಆದರೆ ಪ್ರತಿ ಅಡಿಗೆ ಎರಡಡಿಯ ನಡಿಗೆ ಖರ್ಚಾಗುತ್ತದೆ, ಹೊಡೆಯಲು ಡಿಸ್‌ಅಡ್ವಾಂಟೇಜ್, ಅದನ್ನು ಹೊಡೆಯುವವರಿಗೆ ಅಡ್ವಾಂಟೇಜ್. ಆಟಗಾರರು ಓಣಿ ಹುಡುಕುವುದು ಇದಕ್ಕೇ.

ಮೇಜಿನ ಸಾಮಾನಿಗೆ ಹೆಚ್ಚು ಖರ್ಚು ಬೇಡ. 22×28 ಇಂಚಿನ ಚಾರ್ಟ್ ಹಾಳೆಗೆ ಪರ್ಮನೆಂಟ್ ಮಾರ್ಕರ್‌ನಲ್ಲಿ, ಐದಡಿಗೆ ಒಂದಿಂಚಿನ ಲೆಕ್ಕದಲ್ಲಿ, ಚೌಕ ಎಳೆದು, ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಗೋಡೆ-ಬಾಗಿಲನ್ನು ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆಯಿರಿ. ಪ್ಲಾಸ್ಟಿಕ್ ಇಲ್ಲದೆ ಬಿಟ್ಟರೆ ಜುಲೈ ತೇವಕ್ಕೆ ಹಾಳೆ ಸುರುಳಿ ಸುತ್ತುತ್ತದೆ. ಮೀಡಿಯಂ ಪಾತ್ರಕ್ಕೆ 23 ಮಿಲಿಮೀಟರಿನ 5 ರೂಪಾಯಿ ನಾಣ್ಯ ಚೌಕದೊಳಗೆ ಸರಿಯಾಗಿ ಕೂರುತ್ತದೆ, 27ರ 10 ರೂಪಾಯಿ ಗೆರೆ ದಾಟುತ್ತದೆ. ಕೇರಂ ಕಾಯಿಯಂತೂ ಪಕ್ಕದ ಚೌಕಕ್ಕೆ ಚಾಚಿ, ಯಾರು ಯಾರ ಪಕ್ಕ ಎಂಬ ಗೊಂದಲ ಎಬ್ಬಿಸುತ್ತದೆ. ಲಾರ್ಜ್‌ಗೆ ಕೇರಂ ಸ್ಟ್ರೈಕರ್, ಹ್ಯೂಜ್ ಮತ್ತು ಗಾರ್ಗ್ಯಾಂಟುವನ್‌ಗೆ 3 ಮತ್ತು 4 ಇಂಚಿನ ರಟ್ಟಿನ ತುಂಡು. ಸ್ಮಾಲ್‌ಗೆ ಹುಣಸೆ ಬೀಜ ಇಡಿ. ಚೌಕ ಒಂದೇ ಆದರೂ ಯಾರು ಸ್ಮಾಲ್ ಎಂಬುದು ಕಣ್ಣಿಗೆ ಬೀಳಬೇಕು, ಏಕೆಂದರೆ ಹಾಫ್ಲಿಂಗ್ ತನಗಿಂತ ದೊಡ್ಡವರ ಚೌಕದ ಮೂಲಕ ನುಸುಳಬಲ್ಲ.

403 ಪುಟವನ್ನೂ ಮುದ್ರಿಸಬೇಡಿ. ಜನಾಂಗಗಳು, ಆಯುಧಗಳ ಪಟ್ಟಿ, ಹೊರೆ-ಜಿಗಿತ, ಜಗಳದ ನಡಿಗೆ, ಇಷ್ಟು ಭಾಗ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡರೆ ವರ್ಷಗಟ್ಟಲೆ ಸಾಕು. ಇದು ಕ್ರಿಯೇಟಿವ್ ಕಾಮನ್ಸ್ ಸಿಸಿ-ಬಿವೈ 4.0 ಪರವಾನಗಿಯಲ್ಲಿ ಇರುವುದರಿಂದ ಗಾತ್ರದ ನಿಯಮಗಳನ್ನು ಕನ್ನಡದಲ್ಲಿ, ಪೌಂಡ್ ತೆಗೆದು ಕಿಲೋ ಹಾಕಿ, ಎರಡು ಪುಟದ ಹಾಳೆ ಮಾಡಿ ಹಂಚಬಹುದು, ಮಾರಲೂಬಹುದು. ಪರವಾನಗಿ ಕೇಳುವ ಮೂಲಕರ್ತರ ಹೆಸರಿನ ಸಾಲನ್ನು ಮತ್ತು ‘ಬದಲಾಯಿಸಲಾಗಿದೆ’ ಎಂಬ ಮಾತನ್ನು ಆ ಹಾಳೆಯ ಕೆಳಗೆ ಸೇರಿಸುವುದನ್ನು ಮಾತ್ರ ಬಿಡಬೇಡಿ.