ಸೈಕಲ್ಲಿನ ವೈರ್ ಮೀಟರ್: ಮೊದಲು ಮೈಲಿ ತೆಗೆದು ಕಿ.ಮೀ. ಹಾಕಿ

ಹುಬ್ಬಳ್ಳಿಯ ಸೈಕಲ್ ಅಂಗಡಿಗಳಲ್ಲಿ ಸಿಗುವ ವೇಗ, ದೂರ ತೋರಿಸುವ ವೈರ್ ಇರುವ ಅಗ್ಗದ ಡಿಜಿಟಲ್ ಮೀಟರ್ ಒಳ್ಳೆಯ ಸಾಮಾನು. ಆದರೆ ಡಬ್ಬಿಯಿಂದ ತೆಗೆದು ಹಾಗೇ ಜೋಡಿಸಿದರೆ ತಪ್ಪು ತೋರಿಸಬಹುದು. ಧಾರವಾಡಕ್ಕೆ 20 ಕಿ.ಮೀ. ತುಳಿದ ಮೇಲೆ 12.4 ಅಂತ ಬಂದರೆ ಮೀಟರ್ ಕೆಟ್ಟಿಲ್ಲ, ಅದು ಮೈಲಿ ಲೆಕ್ಕದಲ್ಲಿದೆ. ಒಂದು ಮೈಲಿ ಎಂದರೆ 1.609 ಕಿ.ಮೀ. ಅಂಗಡಿಗೆ ವಾಪಸ್ ಒಯ್ಯುವ ಮೊದಲು ಸೆಟ್ಟಿಂಗ್ ಬದಲಿಸಿ.

ಮೀಟರ್ ಚಕ್ರದ ಸುತ್ತುಗಳನ್ನು ಎಣಿಸಿ, ನೀವು ತುಂಬಿದ ಸುತ್ತಳತೆಯಿಂದ ಗುಣಿಸಿ ದೂರ ತೋರಿಸುತ್ತದೆ, ಹಾಗಾಗಿ ಚಕ್ರದ ಸುತ್ತಳತೆಯೇ ಎಲ್ಲಕ್ಕಿಂತ ಮುಖ್ಯ. 26×1.95 ಇಂಚಿನ ಟೈರಿಗೆ ಸುತ್ತಳತೆಯ ಪಟ್ಟಿಗಳಲ್ಲಿ 2050 ಮಿ.ಮೀ. ಅಂತಿರುತ್ತದೆ, ಅದನ್ನೇ ನಂಬಬೇಡಿ. ಗಾಳಿ ಸರಿಯಾಗಿ ತುಂಬಿ, ವಾಲ್ವ್ ಕೆಳಗೆ ಬರುವಂತೆ ನಿಲ್ಲಿಸಿ, ನೆಲಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಸವಾರ ಮೇಲೆ ಕೂತಿರುವಾಗಲೇ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆಯಿರಿ. 20 ಮಿ.ಮೀ. ತಪ್ಪಿದರೆ ಧಾರವಾಡ ಮುಟ್ಟುವಷ್ಟರಲ್ಲಿ ಸುಮಾರು 200 ಮೀಟರ್ ವ್ಯತ್ಯಾಸ.

ಸ್ಪೋಕಿನ ಅಯಸ್ಕಾಂತಕ್ಕೂ ಫೋರ್ಕಿನ ಸೆನ್ಸರಿಗೂ ನಡುವೆ 2–3 ಮಿ.ಮೀ. ಸಾಕು. ಮಳೆಗಾಲದಲ್ಲಿ ಎರಿಮಣ್ಣು ಮೆತ್ತಿ ಸೆನ್ಸರ್ ಸರಿದರೆ ವೇಗ ಸೊನ್ನೆ ತೋರಿಸುತ್ತದೆ. ಸೆಲ್ ಬದಲಿಸಿದಾಗ ಹಲವು ಮಾದರಿಗಳಲ್ಲಿ ಸುತ್ತಳತೆ, ಒಟ್ಟು ದೂರ ಎರಡೂ ಅಳಿಸಿ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡುವಾಗ ಅಲ್ಲಿಯೂ ಏಕಮಾನ ಗಮನಿಸಿ. ಸಮುದ್ರಯಾನದಲ್ಲಿ ಬಳಸುವ ನಾಟಿಕಲ್ ಮೈಲಿ ಬೇರೆ, ಅದು 1852 ಮೀಟರ್. ನಮ್ಮ ಮಾತಿನಲ್ಲಂತೂ ಮೈಲಿ ಇನ್ನೂ ಗಟ್ಟಿಯಾಗಿದೆ: ಮೈಲಿಗಲ್ಲಿನ ಮೇಲಿರುವುದು ಕಿ.ಮೀ., ಬೈಕಿನ ಮೈಲೇಜ್ ಲೀಟರಿಗೆ ಕಿ.ಮೀ., ಹಿರಿಯರ ಹರದಾರಿ ಸುಮಾರು ಮೂರು ಮೈಲಿ. ಮೀಟರ್ ಮಾತ್ರ ಕಿ.ಮೀ.ಯಲ್ಲೇ ಇರಲಿ.